ಎರಡೂವರೆ ಮನೆಯ ಮುನಿರಾಮಪ್ಪ

ಶ್ರೀನಿವಾಸಪುರದಲ್ಲಿ ಮುನಿರಾಮಪ್ಪನ ಮನೆ ಯಾವುದು ಎಂದು ಕೇಳಿದರೆ ಹಳಬರು ಈಗಲೂ, "ಯಾವ್ದಪ್ಪಾ? ಇರೋ ಮನೆಯೋ, ಊದೋ ಮನೆಯೋ?" ಎಂದು ಕಿಚಾಯಿಸುತ್ತಾರೆ. ಇರುವ ಮನೆ ಸಂತೆ ಬೀದಿಯ ಹಿಂದಿನ ಓಣಿಯಲ್ಲಿದೆ, ಶೀಟಿನದು. ಊದುವ ಮನೆ ಎರಡೂವರೆ. ವಾಲಗದವರ ಬಾಯಲ್ಲಿ ಮನೆ ಅಂದರೆ ಶ್ರುತಿ. ಹಾರ್ಮೋನಿಯಂನ ಬಿಳಿ ಕರಿ ಪಟ್ಟಿಗಳನ್ನು ಎಣಿಸಿ ಒಂದು ಮನೆ, ಒಂದೂವರೆ ಮನೆ, ಎರಡು ಮನೆ ಎಂದು ಹೇಳುತ್ತಾರೆ. ಮನೆ ಏರಿದಷ್ಟೂ ದನಿ ಚುರುಕು, ಇಳಿದಷ್ಟೂ ಗಂಭೀರ. ಮುನಿರಾಮಪ್ಪ ಮೀಸೆ ಚಿಗುರುವ ವಯಸ್ಸಿನಲ್ಲಿ ಅಪ್ಪನ ಕೈಯಿಂದ ಎರಡೂವರೆ ಮನೆಯ ನಾಗಸ್ವರ ತೆಗೆದುಕೊಂಡವನು, ಇವತ್ತಿನವರೆಗೂ ಆ ಹೊಸ್ತಿಲು ದಾಟಿಲ್ಲ. ಸ್ವಲ್ಪ ಮೇಲಕ್ಕೆ ಹೋಗಿ ಜೋರಾಗಿ ಊದಬಾರದೇ ಎಂದು ಯಾರಾದರೂ ಕೇಳಿದರೆ, "ಚುರುಕು ಬೇಕಾದ್ರೆ ಹಸಿಮೆಣಸಿನಕಾಯಿ ಕಡ್ಕೊಳ್ರಿ, ನನ್ನ ಹತ್ರ ಯಾಕೆ ಬರ್ತೀರಾ?" ಅನ್ನುವ ಆಸಾಮಿ.

ಮುಂಗೋಪಿ ಅಂದರೆ ಅಂತಿಂಥ ಮುಂಗೋಪಿಯಲ್ಲ. ಪುರೋಹಿತರು ಗಟ್ಟಿಮೇಳ ಗಟ್ಟಿಮೇಳ ಎಂದು ಎರಡು ಸಲ ಕೂಗಿದರೆ, "ಸ್ವಾಮಿ, ಕಿವಿ ಇದೆ, ಒಂದ್ಸಲ ಸಾಕು" ಎಂದು ಮಂಟಪದಲ್ಲೇ ಹೇಳುತ್ತಿದ್ದ. ಊಟದ ಹೊತ್ತಿಗೆ ಸಿನಿಮಾ ಹಾಡು ಊದು ಎಂದವರಿಗೆ, "ಎಲೆ ಕಡೆ ನೋಡ್ರಿ, ಹಪ್ಪಳ ಮೆತ್ತಗಾಗ್ತೈತೆ" ಅನ್ನುತ್ತಿದ್ದ. ಇಷ್ಟಾದರೂ ಮುಳಬಾಗಿಲಿನಿಂದ ಕೋಲಾರದವರೆಗೆ ಜನ ಇವನ ಬೈಗುಳ ನುಂಗಿಕೊಂಡು ಇವನನ್ನೇ ಕರೆಯುತ್ತಿದ್ದರು. ಕಾರಣ ಒಂದೇ. ಅಪ್ಪಗಿಂತ.

ಹೆಣ್ಣು ಒಪ್ಪಿಸುವ ಶಾಸ್ತ್ರವನ್ನು ಈ ಸೀಮೆಯ ಕನ್ನಡದ ಮನೆಗಳಲ್ಲೂ ತೆಲುಗಿನಲ್ಲೇ ಅಪ್ಪಗಿಂತ ಅನ್ನುತ್ತಾರೆ. ತಂದೆತಾಯಿ ಮಗಳ ಕೈಯನ್ನು ಹಾಲಿನ ಪಾತ್ರೆಯಲ್ಲಿ ಅದ್ದಿ, ಆ ಒದ್ದೆ ಕೈಯನ್ನು ಬೀಗರ ಕೈಯಲ್ಲಿಟ್ಟು, ಇನ್ನು ಇವಳು ನಿಮ್ಮ ಮಗಳು ಎಂದು ಹೇಳುವ ಗಳಿಗೆ. ಬೇರೆ ವಾಲಗದವರು ಆ ಹೊತ್ತಿಗೆ ಏನೋ ಒಂದನ್ನು ಊದಿ, ಬಸ್ಸಿನ ಟೈಮು ನೋಡಿಕೊಳ್ಳುತ್ತಾರೆ. ಮುನಿರಾಮಪ್ಪ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ತನ್ನದೇ ಒಂದು ಮಟ್ಟು ಎತ್ತಿಕೊಳ್ಳುತ್ತಿದ್ದ. ನಿಧಾನ ಅಂದರೆ ನಿಧಾನ! ಒಂದು ಸ್ವರ ಮುಗಿಯಿತೇನೋ ಅನ್ನುವಷ್ಟರಲ್ಲಿ ಅದು ಮೆಲ್ಲಗೆ ಇನ್ನೊಂದರ ಮಡಿಲಿಗೆ ಜಾರುತ್ತಿತ್ತು. ಅದಕ್ಕೆ ಮಾತಿಲ್ಲ, ಪದವಿಲ್ಲ. ಆದರೂ ಹೆಣ್ಣಿನ ತಾಯಿ ಮೊದಲು ಸೆರಗು ಬಾಯಿಗಿಡುತ್ತಿದ್ದಳು, ಆಮೇಲೆ ಹೆಣ್ಣು, ಆಮೇಲೆ ಛತ್ರಕ್ಕೆ ಛತ್ರವೇ. ಟೊಮೊಟೊ ಮಂಡಿಯಲ್ಲಿ ದಿನವಿಡೀ ಹರಾಜು ಕೂಗಿ ಗಂಟಲು ಗಟ್ಟಿಯಾದ ಗಂಡಸರು ಕಣ್ಣಿಗೆ ಏನೋ ಬಿತ್ತು ಎಂದು ಟವೆಲ್ ಹುಡುಕುತ್ತಿದ್ದರು.

ಆ ಮಟ್ಟು ಯಾರೂ ಕಲಿಸಿದ್ದಲ್ಲ. ವರ್ಷಗಳ ಹಿಂದೆ ಬೈರಕೂರಿನ ಒಂದು ಮದುವೆಯಲ್ಲಿ ಅಪ್ಪಗಿಂತ ಶುರುವಾಗುವ ಹೊತ್ತಿಗೆ ಸರಿಯಾಗಿ ಪಕ್ಕದ ಅಂಗಡಿಯ ಫೋನಿಗೆ ಸುದ್ದಿ ಬಂತು, ಹೆಂಡತಿ ಅನಸೂಯಮ್ಮನಿಗೆ ಹೆರಿಗೆಯಾಗಿದೆ, ಹೆಣ್ಣು ಮಗು ಎಂದು. ಮುನಿರಾಮಪ್ಪ ಎದುರಿಗಿದ್ದ ಮದುಮಗಳ ಕೈ ನೋಡಿದ. ಒಂದು ದಿನ ನನ್ನ ಕೂಸಿನ ಕೈಯೂ ಹೀಗೇ ಹಾಲಿನಲ್ಲಿ ಮುಳುಗುತ್ತದಲ್ಲ ಅಂದುಕೊಂಡ. ಅಷ್ಟೇ. ಊದಬೇಕು ಎಂದುಕೊಂಡಿದ್ದು ಒಂದು, ಬಂದಿದ್ದು ಇನ್ನೊಂದು. ಯಾವ ರಾಗವಪ್ಪಾ ಇದು ಎಂದು ಕೇಳಿದವರಿಗೆ, "ಬುಡ ಮುಖಾರಿ, ಮೇಲಿನ ಗೊಬ್ಬರ ನಂದು" ಎನ್ನುತ್ತಿದ್ದ.

ಅವತ್ತು ಡೋಲಿಗೆ ಕೂತಿದ್ದವನು ಕದಿರೇಶ, ಅನಸೂಯಮ್ಮನ ತಮ್ಮ. ಆಗಿನ್ನೂ ಚಿಗುರು ಹುಡುಗ. ಭಾವ ಗೊತ್ತಿಲ್ಲದ ದಾರಿ ಹಿಡಿದನೆಂದು ಗಾಬರಿಯಾಗಲಿಲ್ಲ, ಮುಂದಕ್ಕೆ ನೂಕಲೂ ಇಲ್ಲ. ಹಿಂದೆ ಹಿಂದೆಯೇ, ಮಲಗಿದ ಮಗುವಿನ ಕೋಣೆಯಲ್ಲಿ ನಡೆಯುವವನ ಹಾಗೆ ಡೋಲು ತಟ್ಟುತ್ತಾ ಬಂದ. ಮುನಿರಾಮಪ್ಪ ಅವತ್ತೇ ತೀರ್ಮಾನ ಮಾಡಿದ, ಇವನು ಬಿಟ್ಟರೆ ತನಗೆ ಬೇರೆ ಡೋಲಿಲ್ಲ. ಕದಿರೇಶ ಮದುವೆ ಗಿದುವೆ ಅನ್ನದೆ ಅಕ್ಕನ ಮನೆಯಲ್ಲೇ ಉಳಿದ. ಅದೇ ತಟ್ಟೆ, ಅದೇ ಮುದ್ದೆ, ಅದೇ ಜಗಲಿಯ ಮೂಲೆ.

ಇನ್ನು ಕೊನೆಯ ಸುತ್ತಿನ ವಿಷಯ. ಇದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು, ಯಾಕೆಂದರೆ ಎಲ್ಲಾ ರಾಮಾಯಣವೂ ಇದರಿಂದಲೇ. ಮಗಳು ಶೋಭಾರಾಣಿಯನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿಸುವಾಗ ಮುನಿರಾಮಪ್ಪ ಅದೇ ಮಟ್ಟನ್ನು ಗುನುಗುತ್ತಿದ್ದ. ಹಾಗೆ ಗುನುಗುತ್ತಾ ಅದಕ್ಕೆ ಒಂದು ಬಾಲ ಬೆಳೆಯಿತು. ಇಳಿದು ಇಳಿದು ಹೋದ ಮಟ್ಟು ಕೊನೆಗೆ ಒಂದು ಸಲ ಮೇಲೆ ಹತ್ತಿ, ಗೇಟಿನ ಹತ್ತಿರ ನಿಂತು ಹಿಂದಕ್ಕೆ ತಿರುಗಿ ನೋಡಿದವರ ಹಾಗೆ ನೋಡಿ, ಮತ್ತೆ ಇಳಿದುಹೋಗುತ್ತಿತ್ತು. ಆ ಸುತ್ತನ್ನು ಅವನು ಯಾವ ಮದುವೆಯಲ್ಲೂ ಊದಲಿಲ್ಲ. "ಅದು ನಮ್ಮ ಶೋಭಾದು" ಎನ್ನುತ್ತಿದ್ದ ಹೆಂಡತಿಯ ಹತ್ತಿರ. "ಅವಳ ಅಪ್ಪಗಿಂತದ ದಿನ ಪೂರ್ತಿ ಊದ್ತೀನಿ. ಅಲ್ಲೀವರೆಗೂ ಬೀಗ." ಊರ ಹೆಣ್ಣುಮಕ್ಕಳೆಲ್ಲ ಬಾಲವಿಲ್ಲದ ಮಟ್ಟಿಗೇ ಅತ್ತು ಅತ್ತೆಮನೆಗೆ ಹೋದರು. ಮಗಳ ಕೈ ಹಾಲಿನಿಂದ ಎದ್ದಾಗ ಆ ಸುತ್ತು ಊದಬೇಕು. ಮುನಿರಾಮಪ್ಪನಿಗೆ ಬದುಕಿನಲ್ಲಿ ಇದ್ದದ್ದು ಇದೊಂದೇ ಆಸೆ.

ಒಮ್ಮೆ ಕೋಲಾರದ ಮದುವೆಯಲ್ಲಿ ಅಮರನಾಥ್ ಎಂಬವರು ಅಪ್ಪಗಿಂತ ಮುಗಿದ ಮೇಲೆ ಹುಡುಕಿಕೊಂಡು ಬಂದರು. ಇಲ್ಲಿನ ಚರ್ಚಿನಲ್ಲಿ ಚೆಲ್ಲೋ ನುಡಿಸುವವರಂತೆ. ಹಾಗಂದರೇನು ಎಂದರೆ ಫೋನಿನಲ್ಲಿ ತೋರಿಸಿದರು, ಕಾಲ ಸಂದಿಯಲ್ಲಿ ನಿಲ್ಲಿಸಿಕೊಳ್ಳುವ ಆಳುದ್ದದ ಪಿಟೀಲು. ಯುರೋಪಿನಲ್ಲಿ ಮುನ್ನೂರು ವರ್ಷದ ಹಿಂದೆ ಅದಕ್ಕೆಂದೇ ಕಟ್ಟಿದ, ಸೊನಾಟಾ ಎಂಬ ಕೃತಿಯೊಂದರ ಮೊದಲ ಭಾಗ ಕೇಳಿಸಿದರು. ಅದೂ ನಿಧಾನವೇ, ಅದೂ ಕೆಳಗಿನ ಮನೆಯದೇ. ಮುನಿರಾಮಪ್ಪ ಕಾಫಿ ಆರಿದರೂ ಕುಡಿಯದೆ ಕೇಳಿದ.

"ಇದರ ತಲೆ ಮೇಲೆ ಲಾರ್ಗೋ ಅಂತ ಬರೆದಿದ್ದಾರೆ" ಅಂದರು ಅಮರನಾಥ್. "ಅಂದ್ರೆ ಅಗಲವಾಗಿ, ನಿಧಾನವಾಗಿ. ಕಾಲ, ಮನೆ, ಭಾವ ಮೂರೂ ಒಂದೇ ಬಳ್ಳಿ ಮುನಿರಾಮಪ್ಪೋರೇ. ಇದನ್ನೇ ಮೇಲಿನ ಮನೆಗೆ ಎತ್ತಿ ಓಡಿಸಿದ್ರೆ ಸ್ವರ ಅವೇ ಇರುತ್ತೆ, ಅಳು ಹೋಗಿ ಕುಣಿತ ಬರುತ್ತೆ."

"ಬರೆದಿಟ್ಟವ್ರಲ್ಲ, ಇನ್ಯಾರು ಓಡಿಸ್ತಾರೆ?"

"ಬರೆದಿಟ್ರೂ ಓಡಿಸೋರು ಓಡಿಸ್ತಾರೆ."

"ನಮ್ಮಲ್ಲಿ ಬರೆಯೋದು ಗಿರಿಯೋದು ಇಲ್ಲ ಸಾರ್. ಮನೆಗೆ ಶ್ರುತಿ ಪೆಟ್ಟಿಗೆ ಐತೆ, ಭಾವಕ್ಕೆ ನಾನಿದ್ದೀನಿ. ಕಾಲಕ್ಕೆ ನೋಡಿ, ನನ್ನ ಭಾವಮೈದ" ಎಂದು ಮುನಿರಾಮಪ್ಪ ಕದಿರೇಶನ ಬೆನ್ನು ತಟ್ಟಿದ. ಕದಿರೇಶ ಹಲ್ಲು ಬಿಟ್ಟ.

ಅದಾಗಲೇ ಎರಡು ವರ್ಷದಿಂದ ಕದಿರೇಶನ ಓಡಾಟ ಜಾಸ್ತಿಯಾಗಿತ್ತು. ವಾಲಗ ಇಲ್ಲದ ದಿನ ನರಸಾಪುರದ ಕಂಪನಿಯಲ್ಲಿ ಗುತ್ತಿಗೆಯ ಶಿಫ್ಟು ಎಂದು ಹೋಗುತ್ತಿದ್ದ. ಹೊಸ ಶರ್ಟು ಬಂತು, ತಂಪು ಕನ್ನಡಕ ಬಂತು. ದುಡೀಲಿ ಬಿಡು ಅಂದುಕೊಂಡ ಮುನಿರಾಮಪ್ಪ.

ಒಂದು ಬೆಳಗ್ಗೆ ಅನಸೂಯಮ್ಮ ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ಒಳಗೆ ಬಂದಳು.

"ರೀ, ನನ್ನ ತಮ್ಮ ಕದ್ದು ಮನೆ ಮಾಡ್ತಾವ್ನೆ ಕಣ್ರೀ!"

"ಏನೇ ಅದು, ಬೆಳಗ್ಗೆ ಬೆಳಗ್ಗೆ?"

"ಫೋನಲ್ಲಿ ಯಾರಿಗೋ ಹೇಳ್ತಿದ್ದ, ನನ್ನ ಕಿವಿಯಾರೆ ಕೇಳ್ದೆ. 'ನಾಲ್ಕೂವರೆ ಮನೇನೇ ಗಟ್ಟಿ ಮಾಡ್ಕೊಂಡ್ಬಿಡೋಣ, ಭಾವನಿಗೆ ಮಾತ್ರ ಗೊತ್ತಾಗ್ಬಾರ್ದು' ಅಂತ. ನಾಲ್ಕೂವರೆ ಲಕ್ಷದ ಭೋಗ್ಯದ ಮನೆ ಕಣ್ರೀ! ಯಾವಳನ್ನ ಇಟ್ಕೊಂಡವ್ನೋ ಏನೋ. ಚಿನ್ನಿಲ್ಲು, ಚಿಕ್ಕಮನೆ ಅಂತ ಮಾಡೋ ವಯಸ್ಸಾ ಅವನಿಗೆ?"

ಒಲೆಯ ಹತ್ತಿರ ಕೂತಿದ್ದ ಶೋಭಾರಾಣಿ ಕಿಸಕ್ಕನೆ ನಕ್ಕು, ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಮುನಿರಾಮಪ್ಪನೂ ನಕ್ಕ. ಅಲ್ಲರೀ, ಜೀವಮಾನವೆಲ್ಲ ಮನೆ ಎಂದರೆ ಶ್ರುತಿ ಎಂದುಕೊಂಡು ಬಂದ ಮನುಷ್ಯ, ನಾಲ್ಕೂವರೆ ಮನೆ ಎಂದು ಕಿವಿಗೆ ಬಿದ್ದಾಗ ಇಟ್ಟಿಗೆ ಸಿಮೆಂಟು ನೆನೆಸಿಕೊಂಡನಲ್ಲ! ನಂಬಿಕೆ ಅಂದರೆ ಇದೇ ನೋಡಿ, ಕಣ್ಣಿದ್ದವರನ್ನು ಕುರುಡು ಮಾಡುತ್ತದೆ, ಕಿವಿಯಿದ್ದವರನ್ನು ಕಿವುಡು ಮಾಡುತ್ತದೆ.

"ಬಯ್ಯಬೇಡ ಕಣೇ" ಅಂದ. "ಪಾಪ, ಈಗಲಾದ್ರೂ ಒಂದು ಹೆಣ್ಣು ನೋಡ್ಕೊಂಡಿರ್ಬೇಕು. ನಾಚಿಕೆಗೆ ಮುಚ್ಚಿಟ್ಟವ್ನೆ. ಅವನಾಗಿ ಹೇಳೋವರ್ಗೂ ಕೇಳ್ಬೇಡ."

ಅಷ್ಟಕ್ಕೇ ಬಿಡಲಿಲ್ಲ. ಮುಳಬಾಗಿಲಿಗೆ ಹೋದಾಗ ಪಾತ್ರೆ ಅಂಗಡಿಯಲ್ಲಿ ಒಂದು ಹಿತ್ತಾಳೆ ಪಾತ್ರೆ ಕೊಂಡು ತಂದ. ಕದಿರೇಶನ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದಕ್ಕೆ. ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ.

ಶೋಭಾಳ ಮದುವೆ ಗೊತ್ತಾಯಿತು. ಹುಡುಗ ಅನಿಲ್‌ಕುಮಾರ್, ನರಸಾಪುರದ ಕಂಪನಿಯೊಂದರಲ್ಲಿ ಕೆಲಸ, ಒಳ್ಳೆಯ ಮನೆತನ. ಮುನಿರಾಮಪ್ಪ ದಿನವೂ ಬೆಳಗ್ಗೆ ಎದ್ದು ನಾಗಸ್ವರ ತೆಗೆದು, ಊದದೆ, ಬರೀ ಬೆರಳಾಡಿಸಿ ಕೊನೆಯ ಸುತ್ತನ್ನು ನೋಡಿಕೊಳ್ಳುತ್ತಿದ್ದ. ಧಾರೆ ಎರೆಯುವ ಅಪ್ಪನೇ ವಾಲಗಕ್ಕೆ ಕೂರುವುದುಂಟೇ ಎಂದು ನೆಂಟರು ಆಡಿಕೊಂಡರೆ, "ಕೈ ಒಪ್ಪಿಸಿ ಆದ್ಮೇಲೆ ಕೂರ್ತೀನಿ, ನಿಮ್ಮಪ್ಪನ ಗಂಟೇನು ಹೋಯ್ತು?" ಅಂದ.

ಅದಕ್ಕೆ ಮೊದಲು ಮಾಲೂರು ಕಡೆಯ ಒಂದು ವಾಲಗ ಒಪ್ಪಿಕೊಂಡಿದ್ದ. ಆ ಕಡೆ ಅವನು ಹೋಗುತ್ತಿದ್ದುದು ಅಪರೂಪ. ಶಿವಾರಪಟ್ಟಣದ ಶ್ರೀರಾಮಪ್ಪ ಎಂಬ ಶಿಲ್ಪಿಯ ಮಗಳ ಮದುವೆ. ಬೇಡ ಭಾವ, ಅಷ್ಟು ದೂರ ಯಾಕೆ ಎಂದು ಕದಿರೇಶ ಮೂರು ನಾಲ್ಕು ಸಲ ಅಡ್ಡ ಮಾತಾಡಿದ. ಮುನಿರಾಮಪ್ಪ ಕೇಳಲಿಲ್ಲ. ಕಲ್ಲಿನಲ್ಲಿ ದೇವರನ್ನು ಕೆತ್ತುವ ಮನುಷ್ಯ ಮನೆಗೆ ಬಂದು ವೀಳ್ಯ ಕೊಟ್ಟಿದ್ದಾನೆ, ಇಲ್ಲ ಅನ್ನುವುದು ಹೇಗೆ?

ಮುಹೂರ್ತ ಚೆನ್ನಾಗಿ ಆಯಿತು. ಊಟವಾಯಿತು. ಅಪ್ಪಗಿಂತಕ್ಕೆ ಹಾಲು ಬಂತು, ಹೆಣ್ಣಿನ ಕೈ ಹಾಲಿನಲ್ಲಿ ಮುಳುಗಿತು. ಮುನಿರಾಮಪ್ಪ ಕಣ್ಣು ಮುಚ್ಚಿ ಮಟ್ಟು ಎತ್ತಿದ.

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಒಂದು ಶಿಳ್ಳೆ ಬಂತು. "ಸ್ಪೀಡು! ಸ್ಪೀಡು ಅಣ್ಣಾ!" ಎಂದು ಒಬ್ಬ ಕೂಗಿದ. ಮುನಿರಾಮಪ್ಪ ಕಣ್ಣು ಬಿಟ್ಟ. ಹುಡುಗರು ಎದ್ದು ನಿಂತಿದ್ದರು, ಒಬ್ಬನ ಹೆಗಲು ಕುಣಿಯುತ್ತಿತ್ತು. ಹೆಣ್ಣುಮಕ್ಕಳು ಫೋನು ಎತ್ತಿ ಹಿಡಿದಿದ್ದರು. ಹಾಲಿನಲ್ಲಿ ಕೈಯಿಟ್ಟ ಮದುಮಗಳು, ಅಳಬೇಕಾದವಳು, ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

ಇನ್ನೂ ಒಂದು ಇತ್ತು. ಡೋಲು ಓಡುತ್ತಿತ್ತು. ಮುನಿರಾಮಪ್ಪ ಉಸಿರು ಹಿಡಿದು ಮಟ್ಟನ್ನು ಹಿಂದಕ್ಕೆ ಎಳೆದ. ಕದಿರೇಶನ ಕೈ ಎರಡು ಸುತ್ತು ಸರಿಯಾಗಿ ಬಂದು ಮತ್ತೆ ಮುಂದಕ್ಕೆ ಓಡಿತು. ಮತ್ತೆ ಎಳೆದ. ಮತ್ತೆ ಓಡಿತು. ಬೇಕೆಂದು ಓಡಿಸುತ್ತಿಲ್ಲ, ಅಭ್ಯಾಸಬಲದಿಂದ ಓಡುತ್ತಿದೆ ಎಂದು ಮುನಿರಾಮಪ್ಪನಿಗೆ ತಿಳಿಯಿತು. ಈ ಕೈ ಈ ಮಟ್ಟನ್ನು ಬೇರೆಲ್ಲೋ, ಬೇರೆ ಕಾಲದಲ್ಲಿ, ಎಷ್ಟೋ ಸಲ ಬಾರಿಸಿದೆ. ಅವನು ಆ ಕೈ ನೋಡಿದ, ಆಮೇಲೆ ಮುಖ ನೋಡಿದ. ಕದಿರೇಶ ತಲೆ ತಗ್ಗಿಸಿದ.

ಶ್ರೀರಾಮಪ್ಪ ಹತ್ತಿರ ಬಂದು ಕೈಮುಗಿದ. "ತಪ್ಪು ತಿಳ್ಕೋಬೇಡಿ ಮುನಿರಾಮಪ್ಪೋರೇ. ಇದು ಬ್ಯಾಂಡ್‌ನೋರು ಗಂಡಿನ ಮೆರವಣಿಗೆಗೆ ಬಾರಿಸೋ ಡ್ಯಾನ್ಸಿನ ಮಟ್ಟಲ್ವಾ? ಮಗಳನ್ನ ಕಳಿಸೋ ಹೊತ್ನಲ್ಲಿ ಯಾಕೆ ಇದನ್ನ ತೆಗೆದ್ರಿ?"

ಪಕ್ಕದ ಹುಡುಗನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಫೋನು ಕೊಟ್ಟ. ಬೆಳ್ಳಿ ಬಣ್ಣದ ಅಂಗಿಯ ಬ್ಯಾಂಡ್ ಸೆಟ್ಟು, ಒಬ್ಬ ಕೀಬೋರ್ಡ್ ನುಡಿಸುತ್ತಿದ್ದ. ಮುಂದೆ ಡೋಲು ಕಟ್ಟಿಕೊಂಡು ತಂಪು ಕನ್ನಡಕದ ಕದಿರೇಶ ಕುಣಿಯುತ್ತಿದ್ದ. ಮಟ್ಟು ಅದೇ. ಮನೆ ನಾಲ್ಕೂವರೆ, ಓಟ ದುಪ್ಪಟ್ಟು. ನಾಲ್ಕೂವರೆ ಮನೆ! ಮುನಿರಾಮಪ್ಪನಿಗೆ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ನೆನಪಾಯಿತು. ಫೋನು ಹಿಂದಕ್ಕೆ ಕೊಡುವವನಿದ್ದ, ಅಷ್ಟರಲ್ಲಿ ಅದು ಬಂತು. ಕೊನೆಯ ಸುತ್ತು. ಯಾವ ಮದುವೆಯಲ್ಲೂ ಊದದ, ತೊಡೆಯ ಮೇಲಿನ ಕೂಸಿಗೆ ಮಾತ್ರ ಗುನುಗಿದ ಸುತ್ತು. ಅದೂ ಸರಿಯಾಗಿರಲಿಲ್ಲ. ಮೇಲೆ ಹತ್ತಿ ನಿಲ್ಲಬೇಕಾದ ಕಡೆ ಅರ್ಧ ಮೆಟ್ಟಿಲು ಜಾಸ್ತಿ ಹತ್ತಿ ಜಾರುತ್ತಿತ್ತು. ಆ ತಪ್ಪಿಗೆ ಸರಿಯಾಗಿ ಬ್ಯಾಂಡಿನವರೆಲ್ಲ ಸೊಂಟ ಕುಣಿಸುತ್ತಿದ್ದರು.

ವಾಪಸು ಬರುವಾಗ ಮಾಲೂರಿನ ಬಸ್ ಸ್ಟ್ಯಾಂಡಿನಲ್ಲಿ, ಜನ ನೋಡುತ್ತಾರೆ ಎಂಬುದನ್ನೂ ಲೆಕ್ಕಿಸದೆ ಮುನಿರಾಮಪ್ಪ ಭಾವಮೈದನ ಅಂಗಿ ಹಿಡಿದ.

"ಏನ್ಲಾ, ಇದೇನಾ ನಿನ್ನ ನಾಲ್ಕೂವರೆ ಮನೆ? ಶಿಫ್ಟು ಇದೇನಾ?"

"ಭಾವ, ನಿಧಾನ..."

"ನಿಧಾನದ ಮಾತು ನೀನಾಡ್ಬೇಡ!"

ಕದಿರೇಶ ಅಂಗಿ ಬಿಡಿಸಿಕೊಳ್ಳಲಿಲ್ಲ. "ಜನಕ್ಕೆ ಅಳೋಕೆ ಟೈಮಿಲ್ಲ ಭಾವ. ನಿಂತ್ಕೊಂಡು ಉಣ್ಣೋ ಕಾಲ ಇದು. ನಿಮ್ಮ ಮಟ್ಟು ಒಳ್ಳೇದು. ಅದು ಬದುಕ್ಲಿ ಅಂತ ಓಡ್ಸಿದೆ."

"ಬದುಕಿಸ್ದೇನೋ? ಅದರ ಹೆಣಕ್ಕೆ ಬಣ್ಣ ಹಚ್ಚಿ ಕುಣಿಸ್ತಿದ್ದೀಯ. ಉಂಡ ಮನೆ ಜಂತೆ ಎಣಿಸಿದ್ಯಲ್ಲೋ! ಮಿಕ್ಕಿದ್ದು ಹಾಳಾಗ್ಲಿ, ಆ ಕೊನೇ ಸುತ್ತು ಎಲ್ಲಿಂದ ಬಂತು? ನೀನು ಡೋಲು ಬಡಿಯೋನು, ಒಂದು ಸ್ವರ ನೆಟ್ಟಗೆ ಬರಲ್ಲ ನಿನ್ನ ಗಂಟಲಲ್ಲಿ. ಯಾರು ಕೊಟ್ಟಿದ್ದು?"

ಕದಿರೇಶ ಮುಳಬಾಗಿಲು ಬಸ್ಸಿನ ಬೋರ್ಡು ನೋಡಿದ. "ನಾನೂ ಅದೇ ಮನೇಲಿರ್ತೀನಲ್ಲ ಭಾವ. ಕಿವಿಗೆ ಬಿತ್ತು" ಅಂದ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಮನೆಗೆ ಬಂದವನೇ ಮುನಿರಾಮಪ್ಪ ಕದಿರೇಶನ ಹಾಸಿಗೆ, ಬಟ್ಟೆ, ಡೋಲು ಎಲ್ಲವನ್ನೂ ಓಣಿಗೆ ಎಸೆದ. ಅನಸೂಯಮ್ಮ ತಮ್ಮನನ್ನು ಬೈದಳು, ಗಂಡನ ಕಾಲು ಹಿಡಿದಳು, ಎರಡೂ ಆಗದೆ ಹೊಸ್ತಿಲ ಮೇಲೆ ಕೂತು ಅತ್ತಳು. ಶೋಭಾರಾಣಿ ಅವಳಿಗಿಂತ ಹೆಚ್ಚು ಅತ್ತಳು. "ಅಪ್ಪ, ಮಾವನ್ನ ಬೈಬೇಡಪ್ಪ, ಬಿಟ್ಬಿಡಪ್ಪ" ಎಂದು ಒಂದೇ ಸಮನೆ ಹೇಳಿದಳು. ನನ್ನ ಮಗಳ ಮನಸ್ಸು ಎಷ್ಟು ಮೆತ್ತಗೆ ಅಂದುಕೊಂಡ ಮುನಿರಾಮಪ್ಪ. ಅವಳ ತಲೆ ಸವರಿದ.

ಆದರೆ ಸೋದರಮಾವನನ್ನು ಮನೆಯಿಂದ ಹೊರಗೆ ಹಾಕಬಹುದು, ಮದುವೆಯಿಂದ ಹಾಕಲಾಗುತ್ತದೆಯೇ? ಹಸೆಮಣೆಗೆ ಹೆಣ್ಣನ್ನು ಕರೆತರುವುದು ಅವನೇ. ಆ ಕೈ ಇಲ್ಲದೆ ಹೆಣ್ಣು ಮಂಟಪಕ್ಕೆ ಬರುವುದಿಲ್ಲ. ಮುನಿರಾಮಪ್ಪ ಹಲ್ಲು ಕಚ್ಚಿ ಹೇಳಿಕಳಿಸಿದ. "ಬರ್ಲಿ. ಹೆಣ್ಣನ್ನ ಕರ್ಕೊಂಡು ಬರ್ಲಿ. ಡೋಲು ಮಾತ್ರ ಮುಟ್ಟಿದ್ರೆ ಕೈ ಮುರೀತೀನಿ."

ಮದುವೆ ಕೋಲಾರದ ಒಂದು ಛತ್ರದಲ್ಲಿ ಆಯಿತು. ಮುಹೂರ್ತಕ್ಕೆ ಮುಳಬಾಗಿಲಿನ ವಾಲಗದವರು ಬಂದು ಊದಿದರು. ಅಪ್ಪಗಿಂತದ ಹೊತ್ತಿಗೆ ಅನಸೂಯಮ್ಮ ಅಟ್ಟದ ಮೇಲಿನ ಆ ಹಿತ್ತಾಳೆ ಪಾತ್ರೆಯನ್ನೇ ತಂದು ಹಾಲು ಸುರಿದಳು. ಹೊಸದು, ಯಾಕೆ ದಂಡವಾಗಬೇಕು ಎಂದು. ಮುನಿರಾಮಪ್ಪ ಮಗಳ ಕೈ ಹಿಡಿದು ಹಾಲಿನಲ್ಲಿ ಅದ್ದಿದ. ಮೆಹಂದಿಯ ಕೈ. ಬೀಗರ ಕೈಯಲ್ಲಿಟ್ಟು, "ನಿಮ್ಮ ಮಗಳು" ಅಂದ. ಅಂದವನು ಎದ್ದು ಹೋಗಿ ವಾಲಗದವರ ಜಮಖಾನದ ಮೇಲೆ ಕೂತು ತನ್ನ ಎರಡೂವರೆ ಮನೆಯ ನಾಗಸ್ವರ ತೆಗೆದ. ಡೋಲಿನವನು ಕೋಲು ಎತ್ತಿದರೆ ಬೇಡ ಎಂದು ಕೈ ಮಾಡಿದ. ಕಾಲವನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದು ಸಾಕಾಗಿತ್ತು. ಶ್ರುತಿ ಪೆಟ್ಟಿಗೆಯೊಂದು ಸಾಕು.

ಮಟ್ಟು ಶುರುವಾಯಿತು. ನರಸಾಪುರದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಂದಿಬ್ಬರು ನಕ್ಕರು. ಆದರೆ ಡೋಲಿಲ್ಲದ ಆ ನಿಧಾನಕ್ಕೆ ಹೆಜ್ಜೆ ಹಾಕುವುದು ಹೇಗೆ? ನಗು ತಾನಾಗಿ ಅಡಗಿತು. ಛತ್ರ ಸುಮ್ಮನಾಯಿತು. ಕಂಬದ ಹತ್ತಿರ ಹೊಸ ಪಂಚೆಯಲ್ಲಿ ನಿಂತಿದ್ದ ಕದಿರೇಶನ ಕಣ್ಣಲ್ಲಿ ನೀರಿತ್ತು. ಮುನಿರಾಮಪ್ಪನಿಗೆ ಅದು ಬೇಕಿರಲಿಲ್ಲ. ಅವನು ಮಗಳ ಕಡೆಗೇ ತಿರುಗಿ ಊದಿದ. ಇಳಿದು ಇಳಿದು ಮಟ್ಟು ಎಲ್ಲ ಮದುವೆಗಳಲ್ಲಿ ಮುಗಿಯುತ್ತಿದ್ದ ಜಾಗಕ್ಕೆ ಬಂತು.

ಕೊನೆಯ ಸುತ್ತಿಗೆ ಮೊದಲು ಒಂದು ದೊಡ್ಡ ಉಸಿರು ಬೇಕು. ನಾಗಸ್ವರವನ್ನು ತುಟಿಯಿಂದ ತೆಗೆದು ಅವನು ಉಸಿರು ಎಳೆದುಕೊಂಡ.

ಆ ಮೌನದಲ್ಲಿ ಕೇಳಿಸಿತು. ಶೋಭಾ ಅಳುತ್ತಾ, ತನಗೇ ಅರಿವಿಲ್ಲದೆ, ಮುಂದಿನ ಸುತ್ತನ್ನು ಗುನುಗುತ್ತಿದ್ದಳು. ಮೇಲೆ ಹತ್ತಿದಳು. ನಿಲ್ಲಬೇಕಾದ ಕಡೆ ನಿಲ್ಲದೆ ಅರ್ಧ ಮೆಟ್ಟಿಲು ಜಾಸ್ತಿ ಹತ್ತಿ ಜಾರಿದಳು. ಅದೇ ತಪ್ಪು! ಕಂಬದ ಹತ್ತಿರದಿಂದ ಕದಿರೇಶ, ಸುಮ್ಮನಿರು ಎಂದು ಅವಳಿಗೆ ತಲೆಯಾಡಿಸುತ್ತಿದ್ದ.

ಮುನಿರಾಮಪ್ಪನ ಎಳೆದ ಉಸಿರು ಎದೆಯಲ್ಲೇ ನಿಂತಿತು. ಹಿತ್ತಲಿಗೆ ಓಡಿದ ಆ ನಗು, ಹೊಸ್ತಿಲ ಮೇಲಿನ ಆ ಅಳು, ಬಸ್ಸಿನ ಬೋರ್ಡು ನೋಡುತ್ತಾ ಕದಿರೇಶ ಹೇಳಿದ ಸುಳ್ಳು, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಎದ್ದು ಮಗಳ ಹತ್ತಿರ ಹೋದ. ಅವಳಿಗೆ ಮಾತ್ರ ಕೇಳುವ ಹಾಗೆ ಕೇಳಿದ.

"ನೀನೇನಮ್ಮಾ?"

ಅವಳು ಅವನ ಹೆಗಲಿಗೆ ಮುಖವಿಟ್ಟಳು. "ಮಾವ ಕೇಳಿದ್ರಪ್ಪ. ಫೋನಲ್ಲಿ ಹಾಡಿ ಕಳಿಸ್ದೆ."

"ಅದು ನಿಂದು ಅಂತ ಬೀಗ ಹಾಕಿಟ್ಟಿದ್ದೆನಲ್ಲೇ."

"ಗೊತ್ತಪ್ಪ. ಚಿಕ್ಕೋಳಿದ್ದಾಗಿಂದ ನೀನು ಅದನ್ನ ಗುನುಗಿದ್ರೆ ನಂಗೆ ಭಯ ಆಗೋದು. ನನ್ನ ಕಳಿಸ್ಬಿಡ್ತೀಯ, ಕಳಿಸ್ಬಿಡ್ತೀಯ ಅಂತಾನೇ ಕೇಳ್ಸೋದು. ಓಡ್ಸಿ ಬಾರಿಸಿದ್ರೆ ಆ ಭಯ ಇರ್ಲಿಲ್ಲ." ಆಮೇಲೆ ಇನ್ನೂ ಮೆಲ್ಲಗೆ ಹೇಳಿದಳು. "ನಂಗೆ ಅದು ಹಂಗೇ ಇಷ್ಟ ಆಯ್ತಪ್ಪ."

ಅವಳ ಒದ್ದೆ ಕೈ ಅವನ ಹೊಸ ಅಂಗಿಗೆ ಹಾಲು ಮೆತ್ತಿತು. ಭಾವಮೈದ ಮಟ್ಟು ಕದ್ದ ಎಂದು ಮುನಿರಾಮಪ್ಪ ಇಷ್ಟು ದಿನ ಉರಿದಿದ್ದ. ಯಾರಿಗಾಗಿ ಮುಚ್ಚಿಟ್ಟಿದ್ದನೋ ಅವಳೇ ಬಾಗಿಲು ತೆಗೆದುಕೊಟ್ಟಿದ್ದಳು. ಮುಚ್ಚಿಟ್ಟಿದ್ದು ಅವಳಿಗೆ ಬೇಕೇ ಇರಲಿಲ್ಲ. ಇದಕ್ಕಿಂತ ದೊಡ್ಡ ಏಟು ಯಾವುದಿದೆ?

ಛತ್ರದವರು ಕಂಡದ್ದೇ ಬೇರೆ. ಊದುತ್ತಾ ಊದುತ್ತಾ ಅಪ್ಪನಿಗೆ ದುಃಖ ಉಮ್ಮಳಿಸಿ ಬಂತು, ಮುಂದಕ್ಕೆ ಊದಲಾಗದೆ ಎದ್ದು ಹೋಗಿ ಮಗಳನ್ನು ತಬ್ಬಿಕೊಂಡ. ಅಷ್ಟೇ ಕಂಡಿದ್ದು. ಇಡೀ ಛತ್ರ ಗೊಳೋ ಎಂದು ಅತ್ತಿತು. ನರಸಾಪುರದ ಹುಡುಗರು ಅತ್ತರು, ಬೀಗಿತ್ತಿ ಅತ್ತಳು, ಫೋಟೋದವನು ಕ್ಯಾಮರಾ ಕೆಳಗಿಟ್ಟು ಮೂಗು ಒರೆಸಿಕೊಂಡ. ಒಬ್ಬ ಮುದುಕಿ ಬಂದು ಅವನ ಗಲ್ಲ ಸವರಿ, "ಏಡ್ವದ್ದು ನಾಯನಾ, ಆಡಬಿಡ್ಡ, ಪಂಪಾಲಿ ಕದಾ" ಎಂದು ಸಮಾಧಾನ ಹೇಳಿದಳು. ಅಳಬೇಡಪ್ಪಾ, ಹೆಣ್ಣುಮಗು, ಕಳಿಸಲೇಬೇಕಲ್ಲ ಎಂದು. ಅವಳ ಕೈಗೆ ಕಣ್ಣೀರು ಹತ್ತಲಿಲ್ಲ. ಅಲ್ಲಿ ಅಳದೆ ಇದ್ದವನು ಅವನೊಬ್ಬನೇ.

ಕಾರು ಹೋದ ಮೇಲೆ ಕದಿರೇಶ ಎಂದಿನ ಅಭ್ಯಾಸದಂತೆ ನಾಗಸ್ವರದ ಚೀಲಕ್ಕೆ ಕೈ ಚಾಚಿದ. ಮುನಿರಾಮಪ್ಪ ಕೊಡಲಿಲ್ಲ.

"ಬಸ್ ಸ್ಟ್ಯಾಂಡಲ್ಲಿ ಯಾಕೋ ಹೇಳ್ಲಿಲ್ಲ?"

"ಮಗಳಲ್ವಾ ಭಾವ."

"ಹೂಂ. ಕಾಲ ಕೆಡಿಸ್ದೋನ್ನ ಓಣಿಗೆ ಎಸೆದೆ. ಮನೆ ಬೀಗ ತೆಗೆದೋಳ ತಲೆ ಸವರಿದೆ" ಎಂದು ಮುನಿರಾಮಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬನೇ ಬಸ್ಸಿಗೆ ನಡೆದ.

ಈಗಲೂ ಅವನು ಮದುವೆಗಳಿಗೆ ಹೋಗುತ್ತಾನೆ. ಬೇರೆ ಡೋಲಿನವನು ಬರುತ್ತಾನೆ, ಮನೆ ಅದೇ ಎರಡೂವರೆ, ಬೈಗುಳವೂ ಅದೇ. ಅಪ್ಪಗಿಂತಕ್ಕೆ ಹಾಲು ಬಂದಾಗ ಮಾತ್ರ ನಾಗಸ್ವರವನ್ನು ಚೀಲಕ್ಕೆ ಹಾಕಿ ಎದ್ದು ಹೋಗಿ ಕೈ ತೊಳೆಯುವ ನಲ್ಲಿಯ ಹತ್ತಿರ ನಿಲ್ಲುತ್ತಾನೆ. ಮಗಳನ್ನು ಕಳಿಸಿದ ಮೇಲೆ ಪಾಪ ಅವನಿಗೆ ಆ ಮಟ್ಟು ಎತ್ತಲು ಆಗುವುದಿಲ್ಲ, ಹೆತ್ತ ಕರುಳು ಅಂದರೆ ಹಾಗೆ ಎಂದು ಜನ ಹೇಳುತ್ತಾರೆ. ಅವನು ನಲ್ಲಿ ತಿರುಗಿಸಿ ಕೈ ತೊಳೆದುಕೊಳ್ಳುತ್ತಾನೆ.

ಅವನು ವಾಲಗಕ್ಕೆ ಹೋಗಿ ಬಂದ ದಿನ ಸಂಜೆ ಶೋಭಾ ನರಸಾಪುರದಿಂದ ಫೋನು ಮಾಡುತ್ತಾಳೆ. ಊಟ ಆಯ್ತಾ, ಅಮ್ಮನ ಮಂಡಿ ನೋವು ಹೇಗಿದೆ ಎಂದು ಕೇಳಿ, ಕೊನೆಗೆ ಸ್ವಲ್ಪ ತಡೆದು ಅದನ್ನೂ ಕೇಳುತ್ತಾಳೆ.

"ಅಪ್ಪಾ, ಇವತ್ತು ಅಪ್ಪಗಿಂತಕ್ಕೆ ಊದಿದ್ಯಾ?"

"ಊದಿದೆ ಕಣಮ್ಮಾ" ಅನ್ನುತ್ತಾನೆ ಮುನಿರಾಮಪ್ಪ. "ಎಲ್ಲರೂ ಅತ್ರು."